ಎಂಟುನೂರು ಮೀಟರಿನ ಸಾಕ್ಷಿ

೨೦ ನವೆಂಬರ್ ೧೯೮೮, ಭಾನುವಾರ

ಕ್ರೀಡಾಕೂಟ ಮುಗಿಯಿತು. ಅಧಿಕಾರಿಗಳಿಗೆಲ್ಲ ಮುಂದಿನ ವರ್ಷದ ಡೈರಿ ಹಂಚಿದರು. ಮೊದಲ ಕೆಲವು ಪುಟಗಳು ಖಾಲಿ ಇವೆ, ಜನವರಿಯವರೆಗೆ ಕಾಯುವ ತಾಳ್ಮೆ ನನಗಿಲ್ಲ. ಅಮ್ಮಿಗೆ ಉರ್ದು ಬಿಟ್ಟು ಬೇರೇನೂ ಓದಲು ಬಾರದು. ಹಾಗಾಗಿ ಇದನ್ನು ಬೀಗ ಹಾಕಿಡುವ ಪ್ರಮೇಯವೂ ಇಲ್ಲ.

ಮೂರು ದಿನ ಎದೆಗೆ ನೀಲಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಓಡಾಡಿದೆ. ‘ಕನೀಜ್ ಫಾತಿಮಾ, ಅಧಿಕಾರಿ’. ಯಲಹಂಕದ ಹೆಣ್ಣುಮಕ್ಕಳ ಶಾಲೆಯ ಪಿ.ಟಿ. ಟೀಚರಿಗೆ ರಾಷ್ಟ್ರೀಯ ಕೂಟದಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದು ಶ್ರೀರಾಮಪ್ಪ ಸರ್ ದೆಸೆಯಿಂದ. ಹದಿನೆಂಟು ವರ್ಷದ ಹಿಂದೆ ಆರ್.ಟಿ. ನಗರದ ಈ ಮನೆಗೇ ಬಂದು, “ರಹಮತುಲ್ಲಾ ಸಾಹೇಬ್ರೇ, ನಿಮ್ಮ ಹುಡುಗಿ ಎಷ್ಟು ಎತ್ತರ ಜಿಗೀತಾಳೆ ಗೊತ್ತಾ? ಮನೇಲಿ ಕೂರಿಸ್ಬೇಡಿ,” ಎಂದು ಅಬ್ಬಾನನ್ನು ಒಪ್ಪಿಸಿದವರು ಅವರು. ಈಗ ಕೂಟದ ಸಂಘಟನಾ ಸಮಿತಿಯ ಕಾರ್ಯದರ್ಶಿ.

ಈ ಸಲ ಉದ್ದೀಪನ ಮದ್ದಿನ ಪರೀಕ್ಷೆ ಇತ್ತು. ಗೆದ್ದವರ ಮೂತ್ರವನ್ನು ಜಾಡಿಯಲ್ಲಿ ಹಿಡಿದು, ಡಾಕ್ಟರು ಅದನ್ನು ಬಾಟಲಿಗೆ ಸುರಿದು, ಅರಗಿನ ಮುದ್ರೆ ಒತ್ತಿ ಹೊರದೇಶದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹುಡುಗಿಯರ ಜೊತೆ ಸಾಕ್ಷಿಯಾಗಿ ಒಬ್ಬ ಹೆಂಗಸು ಇರಬೇಕು. ಅದು ನನ್ನ ಕೆಲಸ. ಜಾಡಿ ತುಂಬುವುದನ್ನು ನೋಡಬೇಕು, ಮುದ್ರೆ ಬೀಳುವ ತನಕ ಅದನ್ನು ಬಿಟ್ಟು ಅಲ್ಲಾಡಬಾರದು, ಆಮೇಲೆ ಸಹಿ ಹಾಕಬೇಕು.

ಸಂಜೆ ಹೆಂಗಸರ ಎಂಟುನೂರು ಮೀಟರ್. ಶ್ರೀರಾಮಪ್ಪ ಸರ್ ತರಬೇತಿ ಕೊಟ್ಟ ವಸುಮತಿಯೇ ಗೆಲ್ಲುತ್ತಾಳೆಂದು ಎಲ್ಲರೂ ಕೂತಿದ್ದರು. ಕೊನೆಯ ತಿರುವಿನಲ್ಲಿ ಹೊರಗಿನಿಂದ ಒಬ್ಬಳು ಹಾದು ಬಂದಳು. ಪಟಾಲಮ್ಮ, ಹತ್ತೊಂಬತ್ತು ವರ್ಷ, ನಮ್ಮ ಶಾಲೆಗೆ ಹತ್ತಿರದ ಪುಟ್ಟೇನಹಳ್ಳಿಯವಳು. ಗೆರೆ ದಾಟಿದ ಮೇಲೂ ನಿಲ್ಲದೆ ಇನ್ನೂ ಅರ್ಧ ಸುತ್ತು ಓಡಿದಳು. ಗೆದ್ದಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಅವಳಿಗೆ ಒಂದೂವರೆ ಗಂಟೆಯಾದರೂ ಆಗಲಿಲ್ಲ.

“ನೀವ್ ನೋಡ್ತಾ ಇದ್ರೆ ಆಗಾಕಿಲ್ಲ ಮೇಡಮ್ಮೋರೆ.”

“ನೋಡ್ಲೇಬೇಕು ಕಣಮ್ಮ, ರೂಲ್ಸು.”

“ನಮ್ಮವ್ವನ್ ಮುಂದೇನೇ ನಾನ್ ಇಂಗೆ ಕುಂತಿಲ್ಲ.”

ಪಾಪ ಅನ್ನಿಸಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ಸ್ವಲ್ಪ ಹೊತ್ತಿಗೆ ಶಬ್ದ ಕೇಳಿತು. ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡುವಾಗ ನಾಚಿ ನಕ್ಕಳು. ಯಲಹಂಕದ ಕೊನೇ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಅಪ್ಪ ಕಾಯುತ್ತಿರುತ್ತಾರಂತೆ.

ಮೇಜಿನ ಮೇಲೆ ಅವಳದೊಂದು ಜಾಡಿ, ವಸುಮತಿಯದೊಂದು. ಎರಡಕ್ಕೂ ನಂಬರಿನ ಚೀಟಿ. ಡಾಕ್ಟರು ಆಚೆ ಹೋಗಿದ್ದರು. ಶ್ರೀರಾಮಪ್ಪ ಸರ್ ಬಂದು, “ಕನೀಜಮ್ಮ, ಬೆಳಗ್ಗಿಂದ ನಿಂತೇ ಇದೀರಿ. ಹೋಗಿ ಒಂದ್ ಟೀ ಕುಡ್ಕೊಂಡ್ ಬನ್ನಿ, ನಾನಿರ್ತೀನಿ,” ಎಂದರು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ವಾಪಸು ಬರುವಷ್ಟರಲ್ಲಿ ಡಾಕ್ಟರು ಬಂದು ಬಾಟಲಿಗಳಿಗೆ ಮುದ್ರೆ ಒತ್ತುತ್ತಿದ್ದರು. ಸಹಿ ಹಾಕಿದೆ.

“ಮುಂದಿನ್ ಸಲ ಇಂಡಿಯಾ ಟೀಮ್ ಜೊತೆ ನೀವೇ ಮ್ಯಾನೇಜರು,” ಎಂದರು ಸರ್. ಅಮ್ಮಿಗೆ ಹೇಳಿದೆ. ವಿಮಾನದಲ್ಲಿ ನಮಾಜಿಗೆ ಎತ್ತ ತಿರುಗುತ್ತೀ ಎಂದು ಕೇಳಿದರು.

೯ ಜನವರಿ ೧೯೮೯, ಸೋಮವಾರ

ಸ್ಟಾಫ್ ರೂಮಿನಲ್ಲಿ ಪೇಪರು ಕೈಯಿಂದ ಕೈಗೆ ಓಡುತ್ತಿತ್ತು. ರಾಷ್ಟ್ರೀಯ ಕೂಟದ ಮೂವರು ಅನರ್ಹ. ಬೇರೆ ರಾಜ್ಯಗಳ ಇಬ್ಬರು ಗುಂಡು ಎಸೆತಗಾರರು, ಮತ್ತೆ ಪಟಾಲಮ್ಮ. ಸ್ಟೆರಾಯ್ಡ್. ಪದಕ ವಾಪಸು, ಎರಡು ವರ್ಷ ನಿಷೇಧ. ಚಿನ್ನ ವಸುಮತಿಗೆ.

“ಗಂಡಸರ ಹಾರ್ಮೋನಂತೆ ಕಣ್ರೀ, ಮೀಸೆ ಬರುತ್ತಂತೆ,” ಎಂದು ಲೆಕ್ಕದ ಟೀಚರು ನಕ್ಕರು. ನಾನೂ ನಕ್ಕೆನೋ ಏನೋ.

ಹಳ್ಳಿಯ ಹುಡುಗಿ. ಯಾರೋ ಟಾನಿಕ್ ಅಂತ ಕೊಟ್ಟಿರುತ್ತಾರೆ, ಕುಡಿದಿರುತ್ತಾಳೆ. ಹೀಗಾಗುತ್ತದೆ.

೧೩ ಜನವರಿ, ಶುಕ್ರವಾರ

ಬೆಳಿಗ್ಗೆ ಬಸ್ಸಿನಿಂದ ಅವಳನ್ನು ಕಂಡೆ. ಹೆಬ್ಬಾಳ ದಾಟಿ ಕೊಡಿಗೇಹಳ್ಳಿ ಗೇಟಿನ ಹತ್ತಿರ, ಬಳ್ಳಾರಿ ರಸ್ತೆಯ ಅಂಚಿನಲ್ಲಿ ಓಡುತ್ತಿದ್ದಳು. ಬಿಳಿ ಬನಿಯನ್ನು, ನೀಲಿ ಚಡ್ಡಿ. ನಿಷೇಧವಾದರೂ ಅಭ್ಯಾಸ ಬಿಟ್ಟಿಲ್ಲ. ಗಟ್ಟಿ ಹುಡುಗಿ. ಸಮಾಧಾನವಾಯಿತು.

೨೮ ಜನವರಿ, ಶನಿವಾರ

ಪಟಾಲಮ್ಮ ಅರ್ಜಿ ಹಾಕಿಕೊಂಡಿದ್ದಳಂತೆ. ಇಂದು ವಿಚಾರಣೆ. ಉದ್ದನೆಯ ಮೇಜಿನ ಹಿಂದೆ ಮೂವರು ಸಾಹೇಬರು, ಮೂಲೆಯ ಕುರ್ಚಿಯಲ್ಲಿ ಶ್ರೀರಾಮಪ್ಪ ಸರ್. ಈಚೆ ಹುಡುಗಿ, ಅವಳ ಅಪ್ಪ ಚಿಕ್ಕಬೈರಪ್ಪ. ಅವರಿಗೆ ಕೂರಲು ಹೇಳಿದರೂ ಕೂರಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಆ ಮನುಷ್ಯ ಮಾತಾಡುವವರ ಬಾಯನ್ನೇ ಒಬ್ಬೊಬ್ಬರಾಗಿ ನೋಡುತ್ತಿದ್ದರು.

ನನಗೆ ಕೇಳಿದ್ದು ಒಂದೇ ಪ್ರಶ್ನೆ. ಮುದ್ರೆ ಬೀಳುವ ತನಕ ಜಾಡಿ ನಿಮ್ಮ ಕಣ್ಣೆದುರಿಗೇ ಇತ್ತೇ?

“ಯೆಸ್ ಸರ್.”

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅಷ್ಟು ಇಂಗ್ಲಿಷು ಬರುತ್ತದೆ. ಅರ್ಜಿ ವಜಾ ಆಯಿತು.

ಹೊರಗೆ ಬಂದ ಮೇಲೆ ಸರ್ ನನ್ನ ತಲೆಯ ಮೇಲೆ ಕೈ ಇಟ್ಟರು, ಅಬ್ಬಾ ಇಡುತ್ತಿದ್ದ ಹಾಗೆ.

೩ ಫೆಬ್ರವರಿ

ಇಂದೂ ಓಡುತ್ತಿದ್ದಳು. ಬ್ಯಾಟರಾಯನಪುರದವರೆಗೆ ಬಸ್ಸಿನ ಪಕ್ಕದಲ್ಲೇ ಇದ್ದಳು. ಡ್ರೈವರು ಒಳ್ಳೆಯ ವೇಗದಲ್ಲಿದ್ದ, ಒಂದು ಲಾರಿಯನ್ನೂ ಹಿಂದೆ ಹಾಕಿದ. ಇವಳು ಹಿಂದೆ ಬೀಳಲಿಲ್ಲ. ಇಂಥ ಕಾಲು ನಾನು ನೋಡಿಲ್ಲ.

೭ ಫೆಬ್ರವರಿ

ಇಂದೂ.

೧೧ ಫೆಬ್ರವರಿ, ಶನಿವಾರ

ಹಿತ್ತಲಿನ ಪಾಯಿಖಾನೆಯ ಬಾಗಿಲಿನ ಅಗಳಿ ಸರಿಮಾಡಿಸಬೇಕು. ಒಳಗೆ ಕೂತಾಗ ಹಿಂದೆ ಯಾರೋ ನಿಂತಂತಾಗುತ್ತದೆ. ಮೂರಡಿ ಜಾಗ, ಇನ್ನೊಬ್ಬರು ನಿಲ್ಲುವುದಾದರೂ ಹೇಗೆ? ಆದರೂ ನಿಂತಿರುತ್ತಾರೆ, ನನಗೆ ಬೆನ್ನು ಕೊಟ್ಟು, ಗೋಡೆಯ ಕಡೆ ಮುಖ ಮಾಡಿ. ತಿರುಗಿ ನೋಡುವುದಿಲ್ಲ, ಕಾಯುತ್ತಾರೆ. ನನಗೆ ಆಗುವುದಿಲ್ಲ. ಎದ್ದು ಬರುತ್ತೇನೆ.

ನೀರು ಕಡಿಮೆ ಕುಡಿದರೆ ಸರಿಹೋಗುತ್ತದೆ.

೨೦ ಫೆಬ್ರವರಿ, ಸೋಮವಾರ

ನಮ್ಮ ಶಾಲೆಯ ಆಯಾ ಮುನಿಕೆಂಪಮ್ಮ ಪುಟ್ಟೇನಹಳ್ಳಿಯವಳು. ಮಧ್ಯಾಹ್ನ ಅವಳ ಹತ್ತಿರ ಮಾತಿಗೆ ಮಾತು ಬಂತು.

“ನಿಮ್ಮೂರ್ ಹುಡುಗಿ ಪಟಾಲಮ್ಮ ದಿನಾ ಎಷ್ಟ್ ದೂರ ಓಡ್ತಾಳೆ! ಹೆಬ್ಬಾಳದ ತನಕ ಬರ್ತಾಳೆ,” ಎಂದೆ.

ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದಳು. “ಯಾರ್ ಮಿಸ್ಸು? ಚಿಕ್ಕಬೈರಪ್ಪನ್ ಮಗಳಾ? ಆ ಇಚಾರಣೆಗೆ ಓಗಿದ್ದೊಂದ್ ದಿನ ಬಿಟ್ರೆ ಅವಳು ಸಂಕ್ರಾಂತಿಗೂ ಮುಂಚಿಂದ ಒಸ್ಲು ದಾಟಿಲ್ಲ. ಕಕ್ಕಸಿಗೂ ಕತ್ತಲಾದ್ ಮೇಲೇ ಓಗದು. ಐಕಳು ‘ಗಂಡ್ ಪಟಾಲಪ್ಪ’ ಅಂತ ಕೂಗ್ತವೆ. ಅವರಪ್ಪ ಅವಳನ್ನ ಮಾತಾಡಿಸಿ ತಿಂಗಳಾಯ್ತು.”

ಬೇರೆ ಯಾರನ್ನೋ ನೋಡಿರಬೇಕು. ಬಿಳಿ ಬನಿಯನ್ನು ಹಾಕುವವರು ಎಷ್ಟೋ ಜನ.

೨೧ ಫೆಬ್ರವರಿ

ಅವಳೇ. ಎಡ ಭುಜ ಸ್ವಲ್ಪ ಇಳಿಬಿಟ್ಟು ಓಡುವುದು ಅವಳೊಬ್ಬಳೇ.

೨ ಮಾರ್ಚ್, ಗುರುವಾರ

ಮೂತ್ರ ಕಟ್ಟಿಕೊಂಡು ಮೈಯೆಲ್ಲ ಜ್ವರ. ದವಾಖಾನೆಯಲ್ಲಿ ಡಾಕ್ಟರಮ್ಮ ಒಂದು ಚಿಕ್ಕ ಬಾಟಲಿ ಕೈಗಿಟ್ಟು, ತುಂಬಿಸಿ ತನ್ನಿ ಎಂದರು. ಬಾಟಲಿ ಕೈಯಿಂದ ಜಾರಿ ಬಿದ್ದು ಒಡೆಯಿತು. ನರ್ಸು ನನ್ನನ್ನು ಕೂರಿಸಿ, “ಏನಾಯ್ತಕ್ಕ?” ಎಂದು ಕೇಳಿದಳು. ಜ್ವರ ಎಂದೆ.

ನಿಜವನ್ನು ಇಲ್ಲಿ ಬರೆಯಬಹುದು. ಆ ದಿನ ಟೀ ಕುಡಿಯಲು ನಾನು ದೂರ ಹೋಗಿರಲಿಲ್ಲ. ಕೋಣೆಯ ಎದುರಿನ ಮೆಟ್ಟಿಲ ಮೇಲೆ ಕೂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸರ್ ಮೇಜಿನ ಮೇಲೆ ಬಗ್ಗಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು, ಕೈ ಕಾಣಲಿಲ್ಲ. ಆದರೆ ಸಹಿಗೆ ಪೆನ್ನು ಕೊಡುವಾಗ ಅವರ ಹೆಬ್ಬೆರಳಿಗೆ ಗೋಂದು ಮೆತ್ತಿತ್ತು, ಒಣಗಿರಲಿಲ್ಲ. ಪೆನ್ನು ನನ್ನ ಬೆರಳಿಗೂ ಅಂಟಿಕೊಂಡಿತು. ಜಾಡಿಗಳ ಚೀಟಿ ಒಂದಿಷ್ಟು ಸೊಟ್ಟಗಿದ್ದವು. ಸಂಜೆ ನಾನೇ ನೆಟ್ಟಗೆ ಅಂಟಿಸಿದ್ದೆ.

ನೋಡಿದೆ. ನೋಡಿ ಸಹಿ ಹಾಕಿದೆ.

೮ ಮಾರ್ಚ್, ಬುಧವಾರ

ಮತ್ತಿಕೆರೆಯ ಶ್ರೀರಾಮಪ್ಪ ಸರ್ ಮನೆಗೆ ಹೋದೆ. ಬಾಗಿಲಲ್ಲೇ, “ಏನಮ್ಮ, ಇಷ್ಟು ಇಳಿದುಹೋಗಿದೀರಿ,” ಎಂದು ಕಳವಳಪಟ್ಟರು. ಒಳಗೆ ಕೂರಿಸಿದರು. ಹೆಂಡತಿಗೆ ಹೇಳಿ ಉಪ್ಪಿಟ್ಟು ತರಿಸಿದರು.

“ಸರ್, ಜಾಡಿಗಳ ಚೀಟಿ ಬದಲಾಗಿತ್ತು.”

“ಯಾವ ಚೀಟಿ?”

“ನಿಮ್ಮ ಕೈಯಲ್ಲಿ ಗೋಂದಿತ್ತು ಸರ್.”

ಎದ್ದುಹೋಗಿ ಅಡುಗೆಮನೆಯ ಬಾಗಿಲು ಎಳೆದು ಬಂದರು.

“ವಸುಮತಿ ಸಂಬಳ ನಂಬ್ಕೊಂಡು ಐದ್ ಜನ ಇದಾರೆ ಕನೀಜಮ್ಮ. ಸಿಕ್ಕಿಹಾಕ್ಕೊಂಡ್ರೆ ಓಟದಿಂದ ಸಿಕ್ಕಿದ್ ಕೆಲಸ ಹೋಗ್ತಿತ್ತು. ಆ ಹುಡುಗಿಗೇನು? ಅವರಪ್ಪಂದು ದ್ರಾಕ್ಷಿ ತೋಟ ಇದೆ. ವಯಸ್ಸಿನ್ನೂ ಹತ್ತೊಂಬತ್ತು. ಎರಡ್ ವರ್ಷ ಅನ್ನೋದು ಏನ್ ಮಹಾ?”

“ವಸುಮತಿಗೆ ಇಂಜೆಕ್ಷನ್ ಕೊಟ್ಟಿದ್ದು ಯಾರು ಸರ್?”

“ಎಲ್ಲ ರಾಜ್ಯದೋರೂ ಕೊಡ್ತಾರೆ. ನಾವು ಕೊಡ್ದೇ ಇದ್ರೆ ನಮ್ಮ ಮಕ್ಕಳು ಯಾವತ್ತೂ ಕೊನೇಲೇ ಇರ್ತಾರೆ.” ದನಿ ಸ್ವಲ್ಪವೂ ಏರಲಿಲ್ಲ. “ಅವತ್ತು ನಾನು ನಿಮ್ಮಪ್ಪನ ಹತ್ರ ಬರ್ದೇ ಇದ್ದಿದ್ರೆ ನೀವಿವತ್ತು ಎಲ್ಲಿರ್ತಿದ್ರಿ, ಯೋಚ್ನೆ ಮಾಡಿ. ಇನ್ನೊಂದು. ಕಾಗದದಲ್ಲಿ ನನ್ನ ಹೆಸರು ಎಲ್ಲೂ ಇಲ್ಲ. ಸಹಿ ನಿಮ್ಮದು. ಉಪ್ಪಿಟ್ಟು ಆರಿಹೋಗ್ತಿದೆ, ತಿನ್ನಿ.”

ತಿಂದೆ. ತಟ್ಟೆ ಪೂರ್ತಿ ಖಾಲಿ ಮಾಡಿದೆ. ಯಾಕೆ ತಿಂದೆನೋ ತಿಳಿಯದು.

೨೨ ಮಾರ್ಚ್, ಬುಧವಾರ

ಅಮ್ಮಿ ರವೆ ಹುರಿಯುತ್ತ, “ಕ್ಯಾ ಹುವಾ ಮಾ ತುಜೇ? ಸೂಕ್ ಕೋ ಲಕ್ಡೀ ಹೋಗಯೀ,” ಎಂದರು. ಒಣಗಿ ಕಟ್ಟಿಗೆಯಾಗಿದ್ದೇನಂತೆ. ನಾಳೆ ಷಬ್-ಎ-ಬರಾತ್, ಯಾರ ಹತ್ತಿರವಾದರೂ ಮಾಫಿ ಕೇಳುವುದಿದ್ದರೆ ಅದಕ್ಕೆ ಮೊದಲೇ ಕೇಳಿಬಿಡು ಎಂದು ಪ್ರತಿ ವರ್ಷದಂತೆ ಹೇಳಿದರು. ಪ್ರತಿ ವರ್ಷ ನಾನು ಅಮ್ಮಿಯ ಕೈ ಹಿಡಿದು ಅವರ ಹತ್ತಿರವೇ ಕೇಳಿ ಮುಗಿಸುತ್ತಿದ್ದೆ. ಇಂದು ಕೈ ಹಿಡಿದೆ, ಬಿಡಲಿಲ್ಲ. ಅಮ್ಮಿ ಒಲೆ ಆರಿಸಿದರು. ಎಲ್ಲ ಹೇಳಿದೆ.

ಬೈಯಲಿಲ್ಲ. “ಆ ಹುಡುಗಿಗೂ ತಾಯಿ ಇದ್ದಾಳಲ್ಲ?” ಎಂದಷ್ಟೇ ಕೇಳಿದರು.

೨೫ ಮಾರ್ಚ್, ಶನಿವಾರ

ಬೆಳಗಿನ ಶಾಲೆ ಮುಗಿಸಿ ಮುನಿಕೆಂಪಮ್ಮನ ಜೊತೆ ಪುಟ್ಟೇನಹಳ್ಳಿಗೆ ಹೋದೆ. ಕೆರೆಯ ಪಕ್ಕದ ಮನೆ, ಮುಂದೆ ದ್ರಾಕ್ಷಿ ಚಪ್ಪರ. ಹುಡುಗಿಯ ತಾಯಿ ಸೊಣ್ಣಮ್ಮ ನನ್ನನ್ನು ಗುರುತು ಹಿಡಿದು ಬಾಗಿಲಿಗೆ ಅಡ್ಡ ನಿಂತರು.

“ಇನ್ಯಾವ್ ಕಾಗ್ದಕ್ಕೆ ರುಜು ಆಕೋಕ್ ಬಂದ್ರಿ?”

ಒಳಗಿನಿಂದ ಪಟಾಲಮ್ಮ ಬಂದಳು. ದಪ್ಪಗಾಗಿದ್ದಳು. ಬಿಸಿಲು ಕಾಣದೆ ಮುಖ ಬಿಳಿಚಿತ್ತು. ಬಸ್ಸಿನ ಪಕ್ಕ ಓಡುವವಳು ಇವಳಲ್ಲ ಎನ್ನುವುದು ನೋಡಿದ ತಕ್ಷಣ ಗೊತ್ತಾಯಿತು. ಜಗಲಿಯ ಮೇಲೆ ಕೂತು ನಡೆದದ್ದೆಲ್ಲ ಹೇಳಿದೆ.

“ಗೊತ್ತು,” ಎಂದಳು.

“ಏನು ಗೊತ್ತು?”

“ಬಸ್ಸಿನ್ ಟೈಮ್ ಕೇಳ್ದೆ, ನೀವ್ ಯೋಳ್ಲಿಲ್ಲ. ಅದ್ನೇ ಕೇಳಾನಾಂತ ತಿರಗಾ ಬಂದಿದ್ದೆ. ನೀವು ಮೆಟ್ಲು ಮ್ಯಾಲೆ ಕುಂತಿದ್ರಿ. ಒಳಗೆ ಆವಯ್ಯ ಒಬ್ಬನೇ ಇದ್ದ. ನಂಗಾಗ ಏನೂ ಅನ್ನಿಸ್ಲಿಲ್ಲ, ಅಂಗೇ ಒಂಟೋದೆ. ಪೇಪರ್ನಾಗೆ ಬಂದಾಗ ಅರ್ಥ ಆಯ್ತು.”

“ವಿಚಾರಣೇಲಿ ಯಾಕೆ ಹೇಳ್ಲಿಲ್ಲ?”

“ನಾನ್ ಯೋಳಿದ್ರೆ ಯಾರ್ ನಂಬ್ತಿದ್ರು? ನಿಮ್ಮನ್ ಕೇಳ್ತಾರಲ್ಲ, ನೀವ್ ಯೋಳ್ತೀರಾಂತ ಕುಂತಿದ್ದೆ. ಪಾಪದ ಮೇಡಮ್ಮು, ನಾಚ್ಕೆ ಆಯ್ತದೆ ಅಂದ್ರೆ ಗ್ವಾಡೆ ಕಡೆ ತಿರುಗ್ಕಂಡೋರು ಅಂತ.” ಬಾಗಿಲಿನ ಕಡೆ ತಿರುಗಿದಳು. “ಈಗ ಓಗಿ. ಅಪ್ಪ ಬರೋ ಒತ್ತು.”

ಮಾಫಿ ಕೇಳದೆಯೇ ಎದ್ದು ಬಂದೆ.

೨೭ ಮಾರ್ಚ್, ಸೋಮವಾರ

ಹೇಳಿಕೆಯನ್ನು ಟೈಪ್ ಮಾಡಿಸಿ ವಿಚಾರಣೆ ನಡೆಸಿದ ಸಮಿತಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಎರಡು ಪುಟ. ಗೋಂದಿನ ವಿಷಯವೂ ಇದೆ, ನನ್ನ ಸುಳ್ಳೂ ಇದೆ.

೧೮ ಏಪ್ರಿಲ್

ರೋಜಾ ನಡೆಯುತ್ತಿದೆ. ಹಗಲೆಲ್ಲ ನೀರಿಲ್ಲದಿರುವುದು ನನಗೆ ಕಷ್ಟವೇ ಅಲ್ಲ ಈಗ.

ಶಾಲೆಯಿಂದ ಅಮಾನತು. ರಾಷ್ಟ್ರೀಯ ಕೂಟದಲ್ಲಿ ಸುಳ್ಳು ಸಾಕ್ಷಿ ಹೇಳಿದ್ದಾಗಿ ನಾನೇ ಬರೆದುಕೊಟ್ಟಿದ್ದೇನಲ್ಲ, ಅದೇ ಕಾರಣ. ಅಧಿಕಾರಿಗಳ ಪಟ್ಟಿಯಿಂದಲೂ ಹೆಸರು ಹೊಡೆದುಹಾಕಿದ್ದಾರೆ. ಶ್ರೀರಾಮಪ್ಪ ಸರ್ ನನಗೆ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ಬರೆದುಕೊಟ್ಟಿದ್ದಾರಂತೆ. ಸಾಕ್ಷಿಯಾಗಿ ದವಾಖಾನೆಯ ಚೀಟಿ ಕೇಳಿದರೆ ನಾನೇ ಕೊಡಬಹುದು.

ಬಸ್ಸು ಹತ್ತುವ ಕೆಲಸವಿಲ್ಲ. ಆದರೂ ಬೆಳಿಗ್ಗೆ ಎಂಟಕ್ಕೆ ಹೆಬ್ಬಾಳದ ತನಕ ನಡೆದು ಬರುತ್ತೇನೆ. ರಸ್ತೆಯ ಅಂಚಿನಲ್ಲಿ ಓಡುವ ಅವಳು ಇರುತ್ತಾಳೆ.

೬ ಜೂನ್, ಮಂಗಳವಾರ

ಸಮಿತಿಯ ನಿರ್ಧಾರದ ಪ್ರತಿ ಬಂತು. ‘ಸಾಕ್ಷ್ಯ ಸಂಶಯಾಸ್ಪದವಾಗಿರುವುದರಿಂದ’ ಪಟಾಲಮ್ಮನ ನಿಷೇಧ ರದ್ದು. ಎಂಟುನೂರು ಮೀಟರಿನ ಫಲಿತಾಂಶವೂ ರದ್ದು. ಆ ವರ್ಷ ಆ ಓಟವನ್ನು ಯಾರೂ ಗೆಲ್ಲಲಿಲ್ಲ ಎಂದು ಲೆಕ್ಕ. ವಸುಮತಿ ಪದಕ ವಾಪಸು ಕೊಟ್ಟಳಂತೆ, ಕೆಲಸ ಉಳಿದಿದೆ. ಶ್ರೀರಾಮಪ್ಪನವರು ಆರೋಗ್ಯದ ಕಾರಣ ರಾಜೀನಾಮೆ ಕೊಟ್ಟಿದ್ದಾರೆ. ಅವರನ್ನು ಸರ್ ಎಂದು ಬರೆಯಲು ಕೈ ಬರಲಿಲ್ಲ.

೧೧ ಜೂನ್, ಭಾನುವಾರ

ನಿರ್ಧಾರದ ಕಾಗದ ಹಿಡಿದು ಪುಟ್ಟೇನಹಳ್ಳಿಗೆ ಹೋದೆ. ಅವರ ಮನೆಗೂ ಒಂದು ಪ್ರತಿ ಬಂದಿತ್ತು. ಸೊಣ್ಣಮ್ಮ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದ್ದರು. ಪಟಾಲಮ್ಮ ರಾಗಿ ಕೇರುತ್ತಿದ್ದಳು.

“ಇಂಗ್ಲೀಸ್ನಾಗೈತೆ,” ಎಂದಳು. “ನಮ್ಮೂರಾಗೆ ಯಾರೂ ಓದಾಕಿಲ್ಲ. ಅನುಮಾನ ಅಂತ ಬರ್ದವ್ರೆ. ನಾನ್ ತಗಂಡಿಲ್ಲ ಅಂತ ಎಲ್ಲೂ ಇಲ್ಲ.”

“ನಾನೇನ್ ಮಾಡ್ಲಿ ಹೇಳು.”

ಮೊರ ಕೆಳಗಿಟ್ಟಳು. “ಅರಳಿಕಟ್ಟೆ ತಾವ ಬಂದು ಯೋಳಿ. ಕನ್ನಡದಾಗೆ. ನಮ್ಮಪ್ಪನ್ ಮುಂದೆ.”

ಮುನಿಕೆಂಪಮ್ಮನೇ ಮನೆಮನೆಗೆ ಹೋಗಿ ಕರೆದಳು. ಸಂಜೆ ಐದಕ್ಕೆ ಮೂವತ್ತು ನಲವತ್ತು ಜನ ಸೇರಿದರು. ಪಟಾಲಮ್ಮ ಮನೆಯಲ್ಲೇ ಉಳಿದಳು. ಚಿಕ್ಕಬೈರಪ್ಪ ಕಟ್ಟೆಯ ತುದಿಯಲ್ಲಿ ನೆಲ ನೋಡುತ್ತ ಕೂತರು. ಅಮ್ಮಿ ಕೊಟ್ಟ ದುಪಟ್ಟವನ್ನು ತಲೆಗೆ ಎಳೆದುಕೊಂಡು ನಿಂತೆ. ದಿನಾ ಮುನ್ನೂರು ಮಕ್ಕಳಿಗೆ ಕೂಗಿ ಆಜ್ಞೆ ಕೊಡುತ್ತಿದ್ದವಳು ನಾನು. ಮೊದಲ ಮಾತು ಎದುರಿಗಿದ್ದವರಿಗೂ ಕೇಳಿಸಲಿಲ್ಲ. ಹಿಂದಿನಿಂದ ಯಾರೋ, “ಜೋರಾಗಿ ಯೋಳಮ್ಮೋ!” ಎಂದರು.

ಹೇಳಿದೆ. ಪಟಾಲಮ್ಮ ಯಾವ ಔಷಧಿಯನ್ನೂ ತಗೊಂಡಿಲ್ಲ, ಅವಳ ಜಾಡಿಯ ಚೀಟಿಯನ್ನು ಬೇರೆಯವಳ ಜಾಡಿಗೆ ಅಂಟಿಸಿದರು, ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ. ಒಬ್ಬ, “ಎಷ್ಟ್ ಕೊಟ್ರು ನಿಂಗೆ?” ಎಂದು ಕೂಗಿದ. ಏನೂ ಕೊಟ್ಟಿಲ್ಲ ಎಂದೆ. “ಸುಮ್ಸುಮ್ಕೆ ಒಂದ್ ಎಣ್ಣಿನ್ ಬಾಳು ಆಳ್ ಮಾಡಿದ್ಯಾ?” ಎಂದಳು ಒಬ್ಬ ಮುದುಕಿ. ಹೌದು ಎಂದೆ.

ಚಿಕ್ಕಬೈರಪ್ಪ ಆಗ ತಲೆಯೆತ್ತಿದರು. “ಪೇಪರ್ನಾಗೆ ಬಂದ ದಿನದಿಂದ ನನ್ ಮಗಳು ಇಕ್ಕಿದ್ ಅನ್ನ ನಾನ್ ಉಂಡಿಲ್ಲ ಕಣಮ್ಮ,” ಎಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಎದ್ದು, ಟವೆಲು ಕೊಡವಿಕೊಂಡು ಮನೆಯ ಕಡೆ ನಡೆದರು. ಜನವೆಲ್ಲ ಹಿಂದೆ ಹೋಯಿತು, ನಾನೂ ಹೋದೆ. ಅವರು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಾಗಿಲಿನತ್ತ ನೋಡುತ್ತ, ಊರೆಲ್ಲ ಕೇಳುವಂತೆ ಕೂಗಿದರು.

“ಪಟಾಲೂ, ಮುದ್ದೆ ಇಕ್ಕವ್ವಾ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಅವಳು ಹೊರಗೆ ಬಂದಾಗ ಕೈಯಲ್ಲಿ ತಟ್ಟೆ ಇರಲಿಲ್ಲ. ಲಂಗವನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ್ದಳು. ಬರಿಗಾಲು.

“ಅವ್ವ ಇಕ್ತಾಳೆ, ಉಣ್ಣು,” ಎಂದಳು. “ನಾನ್ ಓಡಾಕ್ ಓಗ್ಬೇಕು.”

ಜನ ದಾರಿ ಬಿಟ್ಟರು. ನನ್ನ ಪಕ್ಕದಲ್ಲೇ ಹಾದುಹೋದಳು, ನೋಡಲಿಲ್ಲ. ಮೊದಲ ಹೆಜ್ಜೆಗಳು ಭಾರವಾಗಿದ್ದವು, ಉಸಿರು ಕಟ್ಟಿ ಕೆರೆ ಏರಿಯ ಬುಡದಲ್ಲಿ ಒಮ್ಮೆ ನಿಂತಳು. ಆಮೇಲೆ ಏರಿ ಹತ್ತಿ, ಹಗಲ ಬೆಳಕಿನಲ್ಲಿ, ಎಲ್ಲರ ಕಣ್ಣೆದುರೇ ಓಡತೊಡಗಿದಳು. ಚಿಕ್ಕಬೈರಪ್ಪ ಜಗಲಿಯಿಂದ ಎದ್ದು ನಿಂತಿದ್ದರು. ಅವಳು ಕೆರೆ ಸುತ್ತಿ ಬರುವ ತನಕ ಅವರೂ ಕೂರಲಿಲ್ಲ, ಸೊಣ್ಣಮ್ಮ ತಂದಿಟ್ಟ ತಟ್ಟೆಯನ್ನೂ ಮುಟ್ಟಲಿಲ್ಲ.